ಏಮಿ ಟ್ಯಾನ್ ಕಾದಂಬರಿಯ ತಾಯಂದಿರದು ಮೂಢನಂಬಿಕೆಯೇ?

ಚೀನೀ ಮೂಲದ ಅಮೆರಿಕನ್ ಲೇಖಕಿ ಏಮಿ ಟ್ಯಾನ್ ಅವರ ಕಾದಂಬರಿ ‘ದ ಜಾಯ್ ಲಕ್ ಕ್ಲಬ್’ (1989) ಓದಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಚೀನಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ನೆಲೆಸಿದ ಈ ತಾಯಂದಿರು ಮೂಲದ್ರವ್ಯಗಳ ಲೆಕ್ಕ ಹಿಡಿದು ಮಕ್ಕಳ ಸ್ವಭಾವ ಹೇಳುವುದು ಬರೀ ಮೂಢನಂಬಿಕೆಯಲ್ಲವೇ?

ಮೊದಲು ಆ ಲೆಕ್ಕವನ್ನು ನೋಡಬೇಕು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದೂ (ಇವು ನಮ್ಮ ಪಂಚಭೂತಗಳಲ್ಲ; ಇಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ) ಎಲ್ಲರಲ್ಲೂ ಹೆಚ್ಚುಕಡಿಮೆಯಾಗಿ ಇರುತ್ತವೆ ಎಂದು ಈ ತಾಯಂದಿರಲ್ಲೊಬ್ಬಳಾದ ಸುಯುವಾನ್ ನಂಬುತ್ತಾಳೆ. ಬೆಂಕಿ ಹೆಚ್ಚಾದರೆ ಅವಳ ಗಂಡನಂತೆ ಮುಂಗೋಪ. ಮರ ಕಡಿಮೆಯಾದರೆ ಗೆಳತಿ ಆನ್‌-ಮೇಯಂತೆ ಕಂಡವರ ಮಾತಿಗೆಲ್ಲ ಬಾಗುವುದು. ನೀರು ಹೆಚ್ಚಾದರೆ, ಜೀವಶಾಸ್ತ್ರವನ್ನೂ ಕಲೆಯನ್ನೂ ಅರ್ಧಕ್ಕೇ ಬಿಟ್ಟ ಮಗಳು ಜಿಂಗ್‌-ಮೇಯಂತೆ ದಿಕ್ಕುದಿಕ್ಕಿಗೆ ಹರಿಯುವುದು.

ಈ ಲೆಕ್ಕ ಯಾರ ಕೈಗೆ ಸಿಕ್ಕಿದರೆ ಏನಾಗುತ್ತದೆ ಎಂಬುದರಲ್ಲಿ ನನಗೆ ಹೆಚ್ಚು ಆಸಕ್ತಿ. ತಂದೆತಾಯಿ ಕೊಟ್ಟ ಮಾತು ಉಳಿಸಲು ಚೀನಾದಲ್ಲಿ ಎಳೆವಯಸ್ಸಿನಲ್ಲೇ ಮದುವೆಯಾದ ಇನ್ನೊಬ್ಬ ತಾಯಿ ಲಿಂಡೋಳನ್ನು ಗಂಡ ಮುಟ್ಟುವುದೇ ಇಲ್ಲ. ಅತ್ತೆಗೋ ಮೊಮ್ಮಗನ ಆಸೆ. ಮದುವೆ ಕುದುರಿಸಿದ ಹೆಂಗಸು ಬಂದು, ಇವಳಲ್ಲಿ ಲೋಹ ಕಡಿಮೆಯಿದ್ದದ್ದೇ ಒಳ್ಳೆಯದಿತ್ತು, ಚಿನ್ನ ಹೇರಿ ಐದನ್ನೂ ಸಮ ಮಾಡಿಬಿಟ್ಟಿರಿ, ಅದಕ್ಕೇ ಬಸಿರು ನಿಲ್ಲುತ್ತಿಲ್ಲ ಎನ್ನುತ್ತಾಳೆ. ಅತ್ತೆ ಒಡವೆಗಳನ್ನೆಲ್ಲ ಬಿಚ್ಚಿಸಿಕೊಂಡ ಮೇಲೆ ಲಿಂಡೋಳಿಗೆ ಮೈ ಹಗುರವಾಗಿ, ಸ್ವಂತ ಯೋಚನೆ ಹುಟ್ಟುತ್ತದೆ. ಕೊನೆಗೆ ಪಿತೃಗಳು ಕನಸಿನಲ್ಲಿ ಬಂದರೆಂಬ ಕಥೆ ಕಟ್ಟಿ, ಅತ್ತೆಯ ನಂಬಿಕೆಯನ್ನೇ ಅಸ್ತ್ರವಾಗಿಸಿಕೊಂಡು, ಹೆತ್ತವರ ಮಾತಿಗೆ ಕಳಂಕ ಬಾರದಂತೆ ಮದುವೆಯಿಂದ ಹೊರಬರುತ್ತಾಳೆ.

ಅಮೆರಿಕದಲ್ಲಿ ಬೆಳೆದ ರೋಸ್‌ಗೆ ಈ ಜಾಣತನ ದಕ್ಕಲಿಲ್ಲ. ನಿನ್ನಲ್ಲಿ ಮರವೇ ಇಲ್ಲ ಎಂದು ತಾಯಿ ಆನ್‌-ಮೇ ಹೇಳುವುದು ಅವಳಿಗೆ ತೀರ್ಪಿನಂತೆ ಕೇಳಿಸುತ್ತದೆ. ವಿಚ್ಛೇದನದ ಹೊತ್ತಿನಲ್ಲೂ ಅವಳು ಮನೋವೈದ್ಯರ ಬಳಿ ಹೋಗುತ್ತಾಳೆಯೇ ಹೊರತು ತಾಯಿಯ ಬಳಿಯಲ್ಲ.

ಟ್ಯಾನ್ ಚೀನೀ ಸಂಸ್ಕೃತಿಯನ್ನು ಬಿಳಿಯ ಓದುಗರಿಗೆ ಹಿತವಾಗುವಂತೆ ತಿರುಚಿದ್ದಾರೆಂದು ಚೀನೀ ಮೂಲದವರೇ ಆದ ಅಮೆರಿಕನ್ ಲೇಖಕ ಫ್ರಾಂಕ್ ಚಿನ್ ಕಟುವಾಗಿ ಟೀಕಿಸಿದ್ದಾರೆ. ಲಿಂಡೋಳ ಪ್ರಸಂಗದಲ್ಲಿ ಎಲ್ಲವೂ ತೀರ ಸಲೀಸಾಗಿ ಒದಗಿಬರುವುದನ್ನು ನೋಡಿದರೆ ನನಗೂ ಕೊಂಚ ಅನುಮಾನವಾಗುತ್ತದೆ. ಆದರೆ ಆನ್‌-ಮೇಯ ವಿಷಯದಲ್ಲಿ ಆ ಟೀಕೆ ನಿಲ್ಲುವುದಿಲ್ಲ. ಮಗಳ ಕೊರತೆಯನ್ನು ಅವಳು ಗುರುತಿಸುವುದು ತಾನೂ ಒಮ್ಮೆ ಹಾಗೆಯೇ ಆಗಲಿದ್ದೆನೆಂಬ ನೆನಪಿನಿಂದ. ಸುಯುವಾನ್ ಅವಳ ಮೇಲೆ ಹೊರಿಸಿದ್ದೂ ಅದೇ ಕೊರತೆಯನ್ನು. ಆನ್‌-ಮೇಗೆ ಅದು ಹೆತ್ತ ಕರುಳಿನ ಎಚ್ಚರಿಕೆ, ಮಗಳಿಗೆ ಮಾತ್ರ ಬೈಗುಳ.