ನೀರಿಗಿಳಿಯುವ ಮೊದಲು ಚೆಂಡು

ಮಗಳು ಭುಜ ನೋವು ಅನ್ನದೆ ಇವತ್ತಿಗೆ ಎರಡು ತಿಂಗಳು. ದಿನಾ ಬೆಳಗ್ಗೆ ನೀರಿಗಿಳಿಯುವ ಮೊದಲು ಕೊಳದ ಪಕ್ಕ ಗಾಳಿ ತುಂಬಿದ ಆ ದೊಡ್ಡ ನೀಲಿ ವ್ಯಾಯಾಮದ ಚೆಂಡಿನ ಮೇಲೆ ಬೋರಲಾಗಿ ಮಲಗಿ, ಕಾಲ್ಬೆರಳು ನೆಲಕ್ಕೊತ್ತಿ, ಹೆಬ್ಬೆರಳು ಮೇಲೆ ಮಾಡಿ ಎರಡೂ ಕೈ ನಿಧಾನವಾಗಿ ಎತ್ತುತ್ತಾಳೆ, ಮೊದಲು ಇಂಗ್ಲಿಷ್ ಅಕ್ಷರ ವೈ ಆಕಾರ, ಆಮೇಲೆ ಟಿ. ಕೈಯಲ್ಲಿ ತೂಕ ಏನೂ ಇಲ್ಲ. ಆದರೂ ಹತ್ತನೇ ಸಲಕ್ಕೆ ಹೆಗಲ ಮೂಳೆ ಸುತ್ತ ಸಣ್ಣ ನಡುಕ ಕಾಣುತ್ತದೆ. ಫ್ರೀಸ್ಟೈಲ್‌ನಲ್ಲಿ ಈಜುವಾಗ ನೀರು ಎಳೆದೂ ಎಳೆದೂ ಎದೆಯ ಸ್ನಾಯು ಬಲವಾಗುತ್ತದೆ, ಬೆನ್ನ ಕಡೆಯವು ಹಿಂದೆ ಬೀಳುತ್ತವೆ, ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಪುಟ್ಟ ಸ್ನಾಯುಗಳಿಗೆ ಜಾಸ್ತಿ ಹೊರೆ. ಚೆಂಡು ಅಲುಗಾಡುವುದರಿಂದ ಹೊಟ್ಟೆ, ಸೊಂಟವೂ ಬಿಗಿ ಹಿಡಿಯಲೇಬೇಕು. ನೀರಲ್ಲೂ ಹಾಗೇ ಅಲ್ವಾ, ಊರಿಕೊಳ್ಳೋಕೆ ನೆಲ ಎಲ್ಲಿದೆ? ಹೋದ ವರ್ಷ ಅವಳು ನೋವು ಅಂದಾಗ "ಇನ್ನೊಂದೇ ಲ್ಯಾಪ್" ಅಂದಿದ್ದವಳು ನಾನೇ, ನೆನೆದರೆ ಈಗಲೂ ಸಂಕಟ. ಇವತ್ತು ಟವೆಲ್ ಹಿಡಿದು ಸುಮ್ನೆ ನಿಂತಿದ್ದೆ. ಅವಳೇ ಎರಡೂ ಕೈ ಎತ್ತಿ ಕ್ಯಾಪ್ ಹಾಕಿಕೊಂಡಳು, ಮುಖ ಕಿವುಚದೆ.