ಬ್ಯಾಗ್ ಕಾಯುವವರು ಯಾರು?

ಥೀಮ್ ಪಾರ್ಕಿನಲ್ಲಿ ಯಾವುದಾದರೂ ದೊಡ್ಡ ರೈಡ್ ಹತ್ತಿರ ಒಂದೈದು ನಿಮಿಷ ನಿಂತು ನೋಡಿ. ಪಕ್ಕದ ಕಟ್ಟೆಯ ಮೇಲೆ ಒಬ್ಬರು ಕೂತೇ ಇರುತ್ತಾರೆ. ಸುತ್ತ ನಾಲ್ಕು ಬ್ಯಾಗು, ತೊಡೆ ಮೇಲೆ ಎರಡು ಟೋಪಿ, ಒಂದು ಕನ್ನಡಕ, ಕೈಯಲ್ಲಿ ಯಾರದೋ ಮೊಬೈಲು. ಹೆಚ್ಚಿನ ಸಲ ಅದು ಅಮ್ಮ, ಇಲ್ಲಾಂದ್ರೆ ಅಜ್ಜಿ. ಅವರಿಗೂ ಟಿಕೆಟ್ ತಗೊಂಡಿರುತ್ತಾರೆ, ಆದರೆ ಇಡೀ ದಿನ ಅವರು ಮಾಡುವುದು ಬ್ಯಾಗ್ ಕಾಯುವ ಕೆಲಸ. ನಮ್ಮ ಮನೆಯಲ್ಲಿ ಆ ಕೆಲಸ ಬಹಳ ಕಾಲ ನನ್ನದಾಗಿತ್ತು.

ಈ ರಜೆಯಲ್ಲಿ ಮತ್ತೆ ಹೋಗೋಣ ಅಂತ ಮಾತು ಬಂದಾಗ ನಾನು ಒಂದೇ ಷರತ್ತು ಹಾಕಿದೆ. ಬ್ಯಾಗ್ ಕಾಯುವುದಕ್ಕೆ ಅಂತ ಯಾರೂ ಕೂರಬಾರದು. ನಾವು ಐದು ಜನ. ನಾನು, ನಮ್ಮೆಜಮಾನರು, 12 ವರ್ಷದ ಮಗಳು, 6 ವರ್ಷದ ಮಗ, ಮತ್ತು ಅತ್ತೆ. ಐದು ಜನಕ್ಕೆ ಬೇಕಾದ್ದನ್ನೆಲ್ಲ ತುಂಬಿ, ಆಮೇಲೆ ಅದನ್ನು ಎಲ್ಲಿಡೋದು ಅಂತ ಯೋಚಿಸಿದರೆ ಕೊನೆಗೆ ಒಬ್ಬರು ಕೂರಲೇಬೇಕಾಗುತ್ತದೆ. ಹಾಗಾಗಿ ಮೊದಲು ಜಾಗ ಗೊತ್ತು ಮಾಡಿದೆ. ಒಂದಷ್ಟು ಕಾರಿನಲ್ಲಿ, ಒಂದಷ್ಟು ಲಾಕರ್‌ನಲ್ಲಿ, ಉಳಿದದ್ದು ಮೈಮೇಲೆ. ಲಾಕರ್‌ಗೆ ಒಂದೇ ಒಂದು ಬ್ಯಾಗು, ಮೈಮೇಲೆ ಜಿಪ್ ಇರುವ ಒಂದು ಚಿಕ್ಕ ಸೊಂಟದ ಪೌಚು, ಅಷ್ಟೆ. ಈ ಮೂರರಲ್ಲಿ ಹಿಡಿಯದ್ದು ಮನೆಯಲ್ಲೇ ಇರಲಿ ಅಂದೆ.

ಹಿಂದಿನ ರಾತ್ರಿ ದೊಡ್ಡ ಚರ್ಚೆ ನಡೆದದ್ದು ನೀರಿನ ಬಗ್ಗೆ. ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ. ಐದು ಜನಕ್ಕೆ ಎರಡೆರಡು ಲೀಟರ್ ಅಂತ ಹಿಡಿದರೂ ಹತ್ತು ಕೆ.ಜಿ. ಆಯಿತಲ್ಲ, ಅದನ್ನು ಯಾರು ಹೊರುತ್ತಾರೆ? "ಅಲ್ಲಿ ನೀರು ಸಿಗದೇ ಹೋದ್ರೆ?" ಅಂತ ಯಜಮಾನರ ಚಿಂತೆ. ಆ ಚಿಂತೆ ಸುಮ್ನೆ ಅಲ್ಲ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದ ದಿನ ಭಯಂಕರ ಬಿಸಿಲು, ಪ್ಲಂಬರ್‌ಗಳ ಮುಷ್ಕರದಿಂದಾಗಿ ಎಷ್ಟೋ ಕಡೆ ಕುಡಿಯುವ ನೀರಿನ ನಲ್ಲಿಗಳಲ್ಲಿ ನೀರೇ ಬರುತ್ತಿರಲಿಲ್ಲ. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈಹೀಲ್ಸ್ ಅದರಲ್ಲಿ ಹೂತುಹೋದವಂತೆ. ಈಗ ಪರಿಸ್ಥಿತಿ ಹಾಗಿಲ್ಲ, ಬಹಳಷ್ಟು ಪಾರ್ಕುಗಳಲ್ಲಿ ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಅಂತ ನಕ್ಷೆಯಲ್ಲೇ ಹಾಕಿರುತ್ತಾರೆ. ನಾವು ಎರಡು ಹಗುರವಾದ ಪ್ಲಾಸ್ಟಿಕ್ ಬಾಟಲಿ ಖಾಲಿಯಾಗಿ ತಗೊಂಡು ಹೋಗಿ ಒಳಗೆ ತುಂಬಿಸಿಕೊಂಡೆವು. ಗಾಜಿನ ಬಾಟಲಿಯನ್ನು ಗೇಟಿನಲ್ಲೇ ತೆಗೆಸಿಬಿಡುತ್ತಾರೆ. ಹೊರಗಿನ ತಿಂಡಿಯೂ ಬಹಳ ಕಡೆ ನಡೆಯಲ್ಲ, ಆದರೆ ಚಿಕ್ಕ ಮಗುವಿನ ಆಹಾರಕ್ಕೂ ಔಷಧಿಗೂ ಸಾಮಾನ್ಯವಾಗಿ ಬಿಡುತ್ತಾರೆ. ಪಾರ್ಕಿನ ವೆಬ್‌ಸೈಟಲ್ಲಿ ಇದನ್ನೆಲ್ಲ ಬರೆದಿರುತ್ತಾರೆ, ಹಿಂದಿನ ದಿನ ಒಂದು ಸಲ ಓದಿದರೆ ಗೇಟಿನಲ್ಲಿ ಡಬ್ಬಿ ತೆಗೆದು ಕಸದ ಬುಟ್ಟಿಗೆ ಹಾಕುವ ಸಂಕಟ ತಪ್ಪುತ್ತದೆ.

ಡಾಂಬರಿನ ಮಾತು ಬಂತಲ್ಲ, ಚಪ್ಪಲಿ ವಿಷಯಕ್ಕೆ ಬರುತ್ತೇನೆ. ಇಡೀ ದಿನದಲ್ಲಿ ರೈಡ್ ಮೇಲೆ ಕೂರುವುದು ಕೆಲವೇ ನಿಮಿಷ, ಉಳಿದದ್ದೆಲ್ಲ ನಡೆಯುವುದು ಮತ್ತು ನಿಲ್ಲುವುದು. ಮಗಳು ಹೊಸ ಶೂ ಹಾಕಿಕೊಂಡು ಬರುತ್ತೇನೆ ಅಂತ ಹಠ ಮಾಡಿದಳು. ಹೊಸ ಶೂ ಅವತ್ತು ಬೇಡವೇ ಬೇಡ. ಹಿಂದೆ ಪಟ್ಟಿ ಇರುವ, ಒದ್ದೆಯಾದರೂ ಬೇಗ ಒಣಗುವ, ಕಾಲಿಗೆ ಆಗಲೇ ಒಗ್ಗಿದ ಸ್ಯಾಂಡಲ್ ಒಳ್ಳೆಯದು. ಹವಾಯಿ ಚಪ್ಪಲಿ ರೈಡ್ ಮೇಲಿಂದ ಹಾರಿಹೋಗುತ್ತದೆ. ಶೂ ಹಾಕುವವರಾದರೆ ಇನ್ನೊಂದು ಜೊತೆ ಸಾಕ್ಸ್ ಲಾಕರ್ ಬ್ಯಾಗಿನಲ್ಲಿ ಇರಲೇಬೇಕು, ಯಾಕಂದ್ರೆ ಒದ್ದೆ ಸಾಕ್ಸಿನಲ್ಲಿ ಚರ್ಮ ಮೆತ್ತಗಾಗುತ್ತದೆ, ಮೆತ್ತಗಾದ ಚರ್ಮ ಉಜ್ಜಿದರೆ ಗುಳ್ಳೆ ಏಳುತ್ತದೆ. ಬ್ಯಾಂಡೇಜ್ ಪಟ್ಟಿಯನ್ನು ಗುಳ್ಳೆ ಎದ್ದ ಮೇಲೆ ಹಚ್ಚುವುದಲ್ಲ, ಹಿಮ್ಮಡಿಯಲ್ಲಿ ಉರಿ ಶುರುವಾದ ತಕ್ಷಣ ಹಚ್ಚಬೇಕು. ಅದಕ್ಕೇ ಅದರ ಜಾಗ ಪೌಚಿನಲ್ಲಿ. ಲಾಕರ್ ತನಕ ಕುಂಟಿಕೊಂಡು ಹೋಗೋಕೆ ಯಾರೂ ತಯಾರಿರಲ್ಲ.

ಬಟ್ಟೆ ವಿಷಯದಲ್ಲಿ ಅತ್ತೆಗೂ ನನಗೂ ಸಣ್ಣ ವಾದ ಆಯಿತು. ಬಿಸಿಲಿಗೆ ಹತ್ತಿ ಬಟ್ಟೆಯೇ ಸರಿ ಅಂತ ಅವರು. ಒಣಗಿದ್ದಾಗ ಸರಿ. ನೆನೆದ ಹತ್ತಿ ಬಟ್ಟೆ ಭಾರ, ಬೇಗ ಒಣಗುವುದೂ ಇಲ್ಲ, ಗಾಳಿ ಬೀಸಿದರೆ ಮಕ್ಕಳು ನಡುಗುತ್ತಾರೆ. ನೀರಿನ ಜಾರುಬಂಡೆ ಇರುವ ಕಡೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಥರದ್ದೇ ಬೇಕು ಅನ್ನುವ ನಿಯಮವೂ ಬಹಳ ಕಡೆ ಇದೆ. ಪ್ಯಾಂಟಿನ ಲೋಹದ ಗುಂಡಿ, ಜಿಪ್ಪು ಜಾರುವ ಮೇಲ್ಮೈಯನ್ನು ಗೀರುತ್ತವೆ ಅಂತ ಜೀನ್ಸಿಗೂ ತಡೆ. ಹಾಗಾಗಿ ಒಂದು ಜೊತೆ ನೀರಿನ ಬಟ್ಟೆ ಲಾಕರ್ ಬ್ಯಾಗಿಗೆ ಹೋಯಿತು. ಮನೆಗೆ ಬರುವಾಗ ಹಾಕಿಕೊಳ್ಳುವ ಬಟ್ಟೆ, ಒಳಬಟ್ಟೆ, ಒಣ ಚಪ್ಪಲಿ ಎಲ್ಲವೂ ಕಾರಿಗೆ, ಒಬ್ಬೊಬ್ಬರದು ಒಂದೊಂದು ಕವರಿನಲ್ಲಿ, ಮೇಲೆ ಹೆಸರು ಬರೆದು. ದೊಡ್ಡ ಟವೆಲ್ ಬಿಟ್ಟು ತೆಳ್ಳಗಿನ ಎರಡು ಮೈಕ್ರೋಫೈಬರ್ ಟವೆಲ್ ಸಾಕಾಯಿತು. ಒಂದು ದೊಡ್ಡ ಟವೆಲ್ ನೆನೆದರೆ ಅದನ್ನು ಹೊರಲು ಇನ್ನೊಬ್ಬ ಮನುಷ್ಯ ಬೇಕು.

ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಎಸ್‌ಪಿಎಫ್ 30 ಇದ್ದರೆ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಇದ್ದರೆ 98 ಭಾಗ. ವ್ಯತ್ಯಾಸ ಅಷ್ಟೇ. ದೊಡ್ಡ ನಂಬರಿನದನ್ನು ಬೆಳಿಗ್ಗೆ ಒಂದು ಸಲ ಬಳಿದು ಸುಮ್ಮನಾಗುವುದಕ್ಕಿಂತ 30ರದ್ದನ್ನೇ ಎರಡು ಗಂಟೆಗೊಮ್ಮೆ ಹಚ್ಚುವುದು ಮೇಲು. ನೀರಿಗೆ ತಡೆದುಕೊಳ್ಳುತ್ತದೆ ಅಂತ ಬರೆದಿರುವ ಟ್ಯೂಬಿನ ಮೇಲೂ 40 ನಿಮಿಷ ಇಲ್ಲವೇ 80 ನಿಮಿಷ ಅಂತ ನಮೂದಿಸಿರುತ್ತಾರೆ, ಆಮೇಲೆ ಮತ್ತೆ ಹಚ್ಚಲೇಬೇಕು. ಮಕ್ಕಳು ಕಿವಿ ಮತ್ತು ಪಾದದ ಮೇಲ್ಭಾಗ ತಪ್ಪಿಸುತ್ತಾರೆ, ದೊಡ್ಡವರು ಕತ್ತಿನ ಹಿಂಭಾಗ. "ಈ ವಯಸ್ಸಲ್ಲಿ ನನಗ್ಯಾಕಮ್ಮ ಇದು" ಅಂದರು ಅತ್ತೆ, ಆದರೂ ಕೈ ಚಾಚಿದರು.

ಮಗನ ಎತ್ತರವನ್ನು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದಿದ್ದೆ. 117 ಸೆಂ.ಮೀ. ನಾವು ಹೋಗುವ ಕಡೆ ದೊಡ್ಡ ರೈಡ್‌ಗಳಿಗೆ ಕೆಲವಕ್ಕೆ ಕನಿಷ್ಠ 120 ಇರಬೇಕು, ಕೆಲವಕ್ಕೆ 140. ಯಾವುದು ಅವನಿಗೆ ಸಿಗುತ್ತದೆ, ಯಾವುದು ಸಿಗಲ್ಲ ಅಂತ ಮೊದಲೇ ಕೂರಿಸಿಕೊಂಡು ತೋರಿಸಿದ್ದರಿಂದ ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು ಎತ್ತರ ಅಳೆಯುವ ಕೋಲಿನ ಹತ್ತಿರ ಅಳುವ ಪ್ರಸಂಗ ಬರಲಿಲ್ಲ. ಇಂಥ ಚಿಕ್ಕ ಮಗು ಜೊತೆಗಿದ್ದರೆ ಅಪ್ಪ ಮೊದಲು ಹೋಗಿ ಬಂದು, ಆಮೇಲೆ ಅಮ್ಮ ಮತ್ತೆ ಕ್ಯೂ ನಿಲ್ಲದೆ ಹೋಗುವ ವ್ಯವಸ್ಥೆ ಕೆಲವು ಪಾರ್ಕುಗಳಲ್ಲಿದೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ. ಗೇಟಿನ ಹತ್ತಿರ ಇಬ್ಬರು ಮಕ್ಕಳದೂ ಒಂದು ಫೋಟೋ ತೆಗೆದುಕೊಂಡೆ, ಅವತ್ತಿನ ಬಟ್ಟೆ ಕಾಣುವ ಹಾಗೆ. ಮಗು ಕಳೆದಾಗ ಯಾವ ಬಣ್ಣದ ಅಂಗಿ ಅಂತ ಕೇಳಿದರೆ ತಾಯಿಗೆ ಏನೂ ನೆನಪಾಗುವುದಿಲ್ಲ. ನನ್ನ ಫೋನ್ ನಂಬರ್ ಮಗನ ತೋಳಿನ ಮೇಲೆ ಮಾರ್ಕರ್‌ನಲ್ಲಿ ಬರೆದೆ, ಸನ್‌ಸ್ಕ್ರೀನ್ ಉಜ್ಜಿದರೆ ಅದು ಅಳಿಸಿ ಹೋಗುತ್ತದೆ ಅಂತ ಗೊತ್ತಿದ್ದರಿಂದ ಒಂದು ಚೀಟಿಯನ್ನೂ ಪುಟ್ಟ ಜಿಪ್ ಕವರಿನಲ್ಲಿ ಹಾಕಿ ಅವನ ಜೇಬಿಗೆ ಸೇರಿಸಿದೆ.

ಮಗಳಿಗೆ ಗಿರಗಿರ ತಿರುಗುವ ರೈಡ್ ಅಂದ್ರೆ ಪ್ರಾಣ, ಹೊಟ್ಟೆಗೆ ಮಾತ್ರ ಆಗಲ್ಲ. ಒಳಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಮಿದುಳಿಗೆ ಇಬ್ಬರಲ್ಲಿ ಯಾರನ್ನು ನಂಬಬೇಕೋ ತಿಳಿಯದೆ ವಾಂತಿ ಬರುವ ಹಾಗಾಗುತ್ತದೆ. ಇದಕ್ಕೆ ಮಾತ್ರೆ ಇದೆ, ಆದರೆ ರೈಡ್ ಹತ್ತುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲೇ ತಗೋಬೇಕು, ಜೊತೆಗೆ ನಿದ್ದೆ ಬರಿಸುತ್ತದೆ, ಮಕ್ಕಳಿಗೆ ಕೊಡುವ ಮುಂಚೆ ಡಾಕ್ಟರನ್ನು ಕೇಳಬೇಕು. ನಾನು ಮಾತ್ರೆ ತರಲಿಲ್ಲ. ಪೌಚಿನಲ್ಲಿ ಮಡಚಿದ ಎರಡು ಕವರು, ಒಂದು ಚಿಕ್ಕ ಕಟ್ಟು ಟಿಶ್ಯೂ, ಒಂದು ಪೊಟ್ಟಣ ಒಆರ್‌ಎಸ್ ಇಟ್ಟಿದ್ದೆ. ಕವರು ಬೇಕಾಯಿತು. ಮೂರನೇ ಸಲ ಅದೇ ರೈಡ್ ಹತ್ತಿ ಇಳಿದವಳು ನನ್ನ ಮುಖವನ್ನೂ ನೋಡದೆ ಕೈ ಚಾಚಿದಳು, ನಾನೂ ಮಾತಾಡದೆ ಕೊಟ್ಟೆ. ಒಆರ್‌ಎಸ್ ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು, ಒಂದು ಲೀಟರ್ ಅಂತಿದ್ದರೆ ಒಂದು ಲೀಟರೇ. ಅಂದಾಜಿನಲ್ಲಿ ಅರ್ಧ ಬಾಟಲಿಗೆ ಸುರಿಯೋದಲ್ಲ.

ಮೊಬೈಲು ಐದು ಜನಕ್ಕೆ ಎರಡೇ ಒಳಗೆ ಹೋದವು. ಜನಜಂಗುಳಿಯಲ್ಲಿ ನೆಟ್‌ವರ್ಕ್ ಹುಡುಕಿ ಹುಡುಕಿ ಬ್ಯಾಟರಿ ಬೇಗ ಮುಗಿಯುತ್ತದೆ, ಮೇಲೆ ಫೋಟೋ ಬೇರೆ. ಅದಕ್ಕೆ ಒಂದು 10,000 ಎಂಎಎಚ್ ಪವರ್ ಬ್ಯಾಂಕ್. ಅದರ ಮೇಲೆ ಬರೆದಷ್ಟೂ ಫೋನಿಗೆ ಸಿಗುವುದಿಲ್ಲ, ವೋಲ್ಟೇಜ್ ಬದಲಾಗುವಾಗ ಒಂದಷ್ಟು ಹೋಗಿ ಸುಮಾರು ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಎರಡು ಫೋನಿಗೆ ಅದು ಸಾಲುತ್ತದೆ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಎರಡೂ ಫೋನಿನಲ್ಲಿ, ಒಂದು ಪ್ರಿಂಟ್ ಕಾರಿನಲ್ಲಿ. ಫೋನಿಗೆ ಐಪಿ68 ಇದೆ, ಅಂದ್ರೆ ನೀರು ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಕೊಡುವ ದರ್ಜೆ, ನೀರಿಗೆ ಏನೂ ಆಗಲ್ಲ ಅಂತ ಯಜಮಾನರು ಹೇಳುತ್ತಿದ್ದರು. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಕ್ಲೋರಿನ್ ಹಾಕಿದ ಕೊಳದಲ್ಲಲ್ಲ. ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಪೌಚಿನೊಳಗೆ ಟಿಶ್ಯೂ ಕಾಗದ ಇಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ಕಾಗದ ಒಣಗಿಯೇ ಇತ್ತು, ಆಮೇಲೆ ಫೋನ್ ಹಾಕೋಕೆ ಧೈರ್ಯ ಬಂತು.

ಬೇಡ ಅಂತ ಬಿಟ್ಟಿದ್ದು: ಸೆಲ್ಫಿ ಸ್ಟಿಕ್, ಕೊಡೆ, ಆಟಿಕೆ, ಮತ್ತು ಒಡವೆ. ತಣ್ಣೀರಿನಲ್ಲಿ ಬೆರಳು ಸ್ವಲ್ಪ ಸಣ್ಣಗಾಗಿ ಉಂಗುರ ಸಲೀಸಾಗಿ ಜಾರುತ್ತದೆ, ಕೊಳದಲ್ಲಿ ಬಿದ್ದರೆ ಹುಡುಕೋದು ಯಾರು. ಯಜಮಾನರ ಕನ್ನಡಕಕ್ಕೆ ಎಲಾಸ್ಟಿಕ್ ಪಟ್ಟಿ ಹಾಕಿಸಿದೆ. ಚಂದ ಕಾಣಲ್ಲ ಅಂತ ಗೊಣಗಿದರು. ಚಂದ ಕಾಣೋಕೆ ಅವತ್ತು ಯಾರು ಹೋಗಿದ್ದು?

ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಬಂತು. ಮಿಂಚು ಶುರುವಾದ ಕೂಡಲೇ ಎತ್ತರದ ರೈಡ್‌ಗಳನ್ನು ನಿಲ್ಲಿಸಿದರು, ಎಲ್ಲರೂ ಸೂರಿನ ಕೆಳಗೆ. ಸುತ್ತಮುತ್ತ ಜನ ಬ್ಯಾಗುಗಳನ್ನು ಮಳೆಯಿಂದ ಮುಚ್ಚಿಕೊಳ್ಳೋಕೆ ಒದ್ದಾಡುತ್ತಿದ್ದರು. ನಮ್ಮದು ಲಾಕರ್‌ನಲ್ಲಿ ಬೆಚ್ಚಗಿತ್ತು, ನಾವು ಹೇಗೂ ಆಗಲೇ ನೆನೆದಿದ್ದೆವು. ರೇನ್‌ಕೋಟ್ ತಂದಿದ್ದರೆ ಅದನ್ನೂ ಹೊರಬೇಕಿತ್ತು ಅಲ್ವಾ?

ಆ ದಿನ ಹೊಂದಿಕೊಳ್ಳೋಕೆ ಕಷ್ಟಪಟ್ಟಿದ್ದು ಅತ್ತೆ ಒಬ್ಬರೇ. ಪ್ರತಿ ರೈಡ್ ಹತ್ತಿರ ಬಂದಾಗಲೂ "ಕೊಡಮ್ಮ ಇಲ್ಲಿ, ನಾನು ಇಟ್ಕೊಂಡಿರ್ತೀನಿ" ಅಂತ ಕೈ ಮುಂದೆ ಮಾಡುತ್ತಿದ್ದರು. ಕೊಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಬರಿಗೈಯಲ್ಲಿ ಕೂರೋಕೆ ಅವರಿಗೆ ಒಂಥರಾ ಆಗಿ ಮೊದಲು ದೋಣಿ ಹತ್ತಿದರು, ಆಮೇಲೆ ಕುದುರೆಗಳು ಸುತ್ತುವ ರೈಡ್, ಅದರಲ್ಲಿ ಮೊಮ್ಮಗನ ಪಕ್ಕದ ಕುದುರೆಯೇ ಬೇಕು ಅಂತ ಇನ್ನೊಂದು ಸುತ್ತು ಕಾದರು. ಅಲೆ ಏಳುವ ಕೊಳದ ಹತ್ತಿರ ಮಾತ್ರ ಸೀರೆಯಲ್ಲಿ ಬಿಡಲ್ಲ ಅಂದರು ಅಲ್ಲಿನವರು. ದಡದಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ.

ಒದ್ದೆ ಬಟ್ಟೆಯನ್ನು ಕವರಿನಲ್ಲೇ ಬಿಟ್ಟರೆ ವಾಸನೆ ಹೋಗುವುದಿಲ್ಲ. ಅದಕ್ಕೆ ಮನೆಗೆ ಬಂದ ರಾತ್ರಿಯೇ ಎಲ್ಲವನ್ನೂ ಸಾದಾ ನೀರಿನಲ್ಲಿ ಜಾಲಿಸಿ ಹರವುತ್ತಿದ್ದೆ. ಅತ್ತೆ ಬಂದು ನನ್ನ ನೈಲಾನ್ ಟಾಪ್ ಮುಟ್ಟಿ ನೋಡಿ, "ಇದು ನನ್ನ ಅಳತೆಗೆ ಸಿಗುತ್ತಾ? ತೋಳು ಉದ್ದ ಇರಬೇಕು" ಅಂದರು. ಮುಂದಿನ ಸಲದ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆದಿದ್ದೇನೆ.