ನಾನು ಕೂತಿದ್ದ ಚೀಲದಲ್ಲೇ ಅನ್ನಭೇದಿ ಇತ್ತು

ಗೋಣಿಕೊಪ್ಪದ ಒಂದು ಗೊಬ್ಬರದ ಅಂಗಡಿಗೆ ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ತೋಟದ ಹಿರಿಯರೊಬ್ಬರು ಜೀಪು ನಿಲ್ಲಿಸಿ ಒಳಗೆ ಬಂದು, "ಅನ್ನಭೇದಿ ಇದ್ಯಾ ಮಾರಾಯ?" ಅಂದರು. "ಇಲ್ಲ ಸಾರ್" ಅಂದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವನು ನಾನು, ಆ ಹೆಸರೇ ಕೇಳಿರಲಿಲ್ಲ. ಯಾವುದೋ ನಾಟಿ ಔಷಧಿ ಇರಬೇಕು ಅಂದುಕೊಂಡೆ. ಅವರು ಎದುರಿನ ಅಂಗಡಿಗೆ ಹೋದರು.

ಊಟ ಮುಗಿಸಿ ಬಂದ ಮಾಲೀಕರಿಗೆ ವಿಷಯ ಹೇಳಿದೆ. ಅವರು ಬೈಯಲಿಲ್ಲ. "ಏಳಪ್ಪಾ" ಅಂದು ನಾನು ಕೂತಿದ್ದ ಚೀಲದ ಬಾಯಿ ಬಿಚ್ಚಿದರು. ಒಳಗೆ ತಿಳಿ ಹಸಿರು ಹರಳು, ಕಲ್ಲುಸಕ್ಕರೆ ಪುಡಿಯ ಹಾಗೆ. ಚೀಲದ ಮೇಲೆ ಇದ್ದದ್ದು ಫೆರಸ್ ಸಲ್ಫೇಟ್ ಅಂತ. ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್ ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದರ ಹಸಿರು ತಮ್ಮನೇ ಅನ್ನಭೇದಿ.

ಚೀಲದ ಮೇಲೆ ಕಬ್ಬಿಣದ ಅಂಶ ಅಂತ 'ಎಫ್ಇ' ಎದುರು ಒಂದು ಅಂಕಿ ಇರುತ್ತದೆ. ಗಿರಾಕಿಗಳು ಕೇಳುತ್ತಾರೆ, ಐರನ್‌ಗೆ 'ಐ' ಇರಬೇಕಲ್ವಾ? ಲ್ಯಾಟಿನ್‌ನಲ್ಲಿ ಕಬ್ಬಿಣ ಅಂದರೆ ಫೆರಮ್, ಅದರ ಮೊದಲ ಎರಡಕ್ಷರ ಅದು. ಸ್ವೀಡನ್ನಿನ ಬರ್ಜೀಲಿಯಸ್ 1813–14ರಲ್ಲಿ ಲ್ಯಾಟಿನ್ ಹೆಸರಿನ ಅಕ್ಷರಗಳನ್ನೇ ಗುರುತಾಗಿ ಇಟ್ಟ. ತಾಮ್ರ ಕೂಡ ಹಾಗೇ ಕ್ಯುಪ್ರಮ್‌ನಿಂದ 'ಸಿಯು' ಆಯಿತು. ಒಂಟಿ 'ಎಫ್' ಫ್ಲೋರಿನ್ ಪಾಲಿಗೆ ಹೋಗಿದೆ.

ನಿಜವಾದ ಪಾಠ ಕಲಿತದ್ದು ಫೆರಸ್, ಫೆರಿಕ್ ಜಗಳದಲ್ಲಿ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಫೆರಸ್, ಮೂರು ಕಳೆದುಕೊಂಡರೆ ಫೆರಿಕ್. ಈಗಿನ ಪುಸ್ತಕಗಳು ಆ ಎರಡು, ಮೂರನ್ನು ರೋಮನ್ ಅಂಕಿಯಲ್ಲೇ ಬರೆಯುತ್ತವೆ. ನಾನೂ ಸುಮ್ನೆ ಇರಲಾರದೆ, ಶೋಕಿಗೆ ಆರ್ಡರ್ ಚೀಟಿಯಲ್ಲಿ ಫೆರಸ್ ಬದಲು ಐರನ್, ಪಕ್ಕದಲ್ಲಿ ರೋಮನ್ ಎರಡು, ಆಮೇಲೆ ಸಲ್ಫೇಟ್ ಅಂತ ಬರೆದೆ. ಎಷ್ಟು ಚೀಲ ಅಂತ ಬರೆಯುವುದೇ ಮರೆತಿತ್ತು. ಆ ಎರಡು ಗೀಟನ್ನು ಮಾಲು ಕಳಿಸುವವರು ಹನ್ನೊಂದು ಅಂತ ಓದಿಕೊಂಡರು. ಲಾರಿಯಿಂದ ಹನ್ನೊಂದು ಚೀಲ ಇಳಿಯಿತು.

ಅದೂ ಜೂನ್ ತಿಂಗಳು. ಕೊಡಗಿನ ಮಳೆಯಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಇದು ಉಳಿಯುತ್ತದಾ? ಬಾಯಿ ಸರಿಯಾಗಿ ಕಟ್ಟದ ಒಂದು ಚೀಲದ ಹರಳು ಆಗಸ್ಟ್ ಹೊತ್ತಿಗೆ ಅಂಚಿನಿಂದ ಕಂದಾಗುತ್ತಾ ಬಂತು. ತೇವ ಮತ್ತು ಗಾಳಿ ಸೇರಿ ಫೆರಸ್ ಅನ್ನು ಫೆರಿಕ್ ಮಾಡುತ್ತಿತ್ತು. ಅದು ತಿಳಿಯದೆ ಎರಡು ಕೆ.ಜಿ. ತೂಗಿಕೊಟ್ಟೆ. ತಗೊಂಡವರು ಮರುದಿನವೇ ವಾಪಸ್ ತಂದರು. "ತುಕ್ಕು ಮಾರ್ತೀಯಾ?" ಅಂದರು. ತಪ್ಪೇನಿಲ್ಲ, ತುಕ್ಕಿನಲ್ಲಿ ಇರುವುದೂ ಫೆರಿಕ್ ಕಬ್ಬಿಣವೇ.

ಅವತ್ತು ಮಾಲೀಕರನ್ನು ಕೇಳಿದೆ. "ಅಣ್ಣ, ನಮ್ಮ ಕೆಂಪು ಮಣ್ಣಿನ ತುಂಬಾ ಕಬ್ಬಿಣ. ಗಿಡಕ್ಕೆ ಇದನ್ನು ಯಾಕೆ ಕೊಡಬೇಕು?" ಅವರು ಬಿಡಿಸಿ ಹೇಳಿದರು. ಮಣ್ಣು ಕೆಂಪಗಿರುವುದೇ ಫೆರಿಕ್ ಆಕ್ಸೈಡ್‌ನಿಂದ. ಅದು ನೀರಿಗೆ ಕರಗುವುದು ತೀರಾ ಕಡಿಮೆ. ಹುಳಿ ಮಣ್ಣು ಅಂತ ಸುಣ್ಣ ಜಾಸ್ತಿ ಸುರಿದರೆ ಇನ್ನೂ ಗಟ್ಟಿಯಾಗಿ ಕೂತುಬಿಡುತ್ತದೆ. ಆಗ ಗಿಡಕ್ಕೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಎಲೆಗೆ ಬೇಗ ಸಿಗಬೇಕು ಅಂದರೆ ಕರಗುವ ಫೆರಸ್ ಸಿಂಪಡಿಸಬೇಕು. ಕಲಸಿದ ನೀರನ್ನೂ ರಾತ್ರಿ ಇಟ್ಟು ಬೆಳಗ್ಗೆ ಹೊಡೆಯಬಾರದು, ಕಂದಾಗುತ್ತದೆ. ಸ್ವಲ್ಪ ಸಿಟ್ರಿಕ್ ಆಸಿಡ್ ಹಾಕಿದರೆ ಒಂದಿಷ್ಟು ಹೊತ್ತು ತಡೆಯುತ್ತದೆ.

ಈಗ ಚೀಲಗಳ ಮೇಲೆ ಮಾರ್ಕರ್‌ನಲ್ಲಿ ದಪ್ಪಕ್ಕೆ ಅನ್ನಭೇದಿ ಅಂತ ಬರೆದಿದ್ದೇನೆ. ತೂಗುವ ಮೊದಲು ಒಂದು ಹಿಡಿ ಅಂಗೈಗೆ ಹಾಕಿ ಬಣ್ಣ ತೋರಿಸುತ್ತೇನೆ. ಆ ಕಂದು ಚೀಲ ಮಾತ್ರ ಇನ್ನೂ ಗೋಡೌನಿನ ಮೂಲೆಯಲ್ಲಿದೆ. ಮಾಲೀಕರು ಮಾರಲೂ ಬಿಡುವುದಿಲ್ಲ, ಎಸೆಯಲೂ ಬಿಡುವುದಿಲ್ಲ. ಹೊಸ ಹುಡುಗರು ಕೆಲಸಕ್ಕೆ ಬಂದರೆ ಮೊದಲು ಅದರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಆಮೇಲೆ ನನ್ನ ಕಡೆ ಕೈ ತೋರಿಸುತ್ತಾರೆ.